ಗೃಹವ್ಯವಹಾರ: ಕೆಲಸಗಾರರನ್ನು ಒದಗಿಸುವವರ ಆಯ್ಕೆ

ಅಡಿಗೆಮನೆಯಲ್ಲಿ ಹುಟ್ಟಿದ ಉದ್ಯಮವು ಜಗಲಿಗೆ ಬಂದು, ಜಗಲಿಯಿಂದ ಬಾಡಿಗೆಯ ಕಟ್ಟಡಕ್ಕೆ ಹೋಗಿ, ಕೊನೆಗೆ ಹತ್ತಿಪ್ಪತ್ತು ಜನರ ಹೊಟ್ಟೆ ಹೊರೆಯುವ ಕಾರ್ಯಾಲಯವಾಗುವುದು ನಮ್ಮ ಕರಾವಳಿಯಲ್ಲಿ ಹೊಸ ಸಂಗತಿಯೇನಲ್ಲ. ಮಂಗಳೂರಿನ ಮೂಡುಭಾಗದ ಶಕ್ತಿನಗರದ ಕಡೆ ಹೋದವರು ವಿಶ್ವ ಕೊಂಕಣಿ ಕೇಂದ್ರವನ್ನೂ ಸಮೀಪದ ಕುಲಶೇಖರದ ಹಾಲಿನ ಒಕ್ಕೂಟವನ್ನೂ ಕಂಡಿರಬಹುದು. ಅಂಥ ದೊಡ್ಡ ಸಂಸ್ಥೆಗಳಿಗೆ ಕೆಲಸಗಾರರನ್ನು ಹುಡುಕಲು ಬೇರೆ ವಿಭಾಗವೇ ಇರುವುದುಂಟು. ಆದರೆ ಅಂಥ ಬಡಾವಣೆಯಲ್ಲಿ ಹಪ್ಪಳ ಚಕ್ಕುಲಿಗಳನ್ನು ಮಾಡಿ ಮಾರುವ ದಂಪತಿಗಳಿಗೆ, ಮದುವೆಮನೆಯ ಅಡಿಗೆ ವಹಿಸಿಕೊಳ್ಳುವ ಅಣ್ಣತಮ್ಮಂದಿರಿಗೆ, ನಾಲ್ಕು ಯಂತ್ರಗಳನ್ನಿಟ್ಟು ಹೊಲಿಗೆಯ ಕೆಲಸ ನಡೆಸುವ ತಾಯಿಗೆ ಯಾವ ವಿಭಾಗವಿದೆ? ಬೇಡಿಕೆ ಹೆಚ್ಚಿ ಕೈಗಳು ಸಾಲದಾದಾಗ ಅವರು ಮೊದಲು ನೆಂಟರಿಷ್ಟರನ್ನು ಕೇಳುವರು, ಬಳಿಕ ಬೀದಿಯವರನ್ನು ವಿಚಾರಿಸುವರು, ಅಷ್ಟರಲ್ಲಿ ಯಾರೋ ಒಬ್ಬರು ಬಂದು, "ಎಷ್ಟು ಜನ ಬೇಕೆಂದು ಹೇಳಿ ಸಾಕು, ಸೋಮವಾರಕ್ಕೆ ಕಳುಹಿಸುತ್ತೇವೆ, ಸಂಬಳ, ರಜೆ, ಲೆಕ್ಕಪತ್ರ ಯಾವುದರ ತೊಂದರೆಯೂ ನಿಮಗಿಲ್ಲ" ಎಂದು ಒಂದು ಚೀಟಿಯನ್ನು ಕೈಗಿಟ್ಟು ಹೋಗುವರು. ಕೆಲಸಗಾರರನ್ನು ಒದಗಿಸಿಕೊಡುವ ಇಂಥ ಏಜೆನ್ಸಿಗಳು ಇಂದು ಪ್ರತಿಯೊಂದು ಪಟ್ಟಣದಲ್ಲಿಯೂ ಇವೆ. ಅವುಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ದೂರವಿಡಬೇಕು ಎಂಬುದೇ ಈ ತಿಂಗಳ ವಿಚಾರ.

ಪ್ರಶ್ನೆಯು ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಗೃಹಿಣಿಯರಾದ ವಾಚಕರು ಪುಟವನ್ನು ಮಗುಚಬಾರದು. ಹಾಸಿಗೆ ಹಿಡಿದ ಅತ್ತೆಯವರ ಶುಶ್ರೂಷೆಗೆ ಹೋಂ ನರ್ಸನ್ನು ಏಜೆನ್ಸಿಯ ಮೂಲಕ ತರಿಸುವ ಮನೆಗಳು ಮಂಗಳೂರಿನಲ್ಲಿ ಬೇಕಾದಷ್ಟಿವೆ. ಅವರಿಗೂ ಇದೇ ವಿವೇಚನೆ ಬೇಕಾಗುವುದು.

ಮೊದಲಾಗಿ ಹೇಳಬೇಕಾದುದೇನೆಂದರೆ, ಈ ಮಧ್ಯವರ್ತಿಯು ನಮಗೆ ಅಪರಿಚಿತನಲ್ಲ. ಹೆಸರು ಮಾತ್ರ ಹೊಸದು. ನಮ್ಮ ಅಜ್ಜಂದಿರು ಅವನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಡಗು, ಚಿಕ್ಕಮಗಳೂರು, ಮಂಜರಾಬಾದುಗಳ ಕಾಫಿ ತೋಟಗಳು ಹಬ್ಬಿದಾಗ ಅಲ್ಲಿ ದುಡಿಯಲು ದಕ್ಷಿಣ ಕನ್ನಡದ ಕೆಳಗಿನ ಊರುಗಳಿಂದ ಸಾವಿರಾರು ಜನರು ಘಟ್ಟ ಹತ್ತಿದರು. ತೋಟದ ದೊರೆಯು ನೇರವಾಗಿ ಕೂಲಿಯವನ ಗುಡಿಸಲಿಗೆ ಬರುತ್ತಿರಲಿಲ್ಲ. ಅವನು ಮೇಸ್ತ್ರಿಯ ಕೈಯಲ್ಲಿ ಮುಂಗಡದ ಹಣವನ್ನಿಡುವನು. ಮೇಸ್ತ್ರಿಯು ಊರಿಗಿಳಿದು ಬಂದು, ಮದುವೆಗೋ ಮಳೆಗಾಲದ ಅಕ್ಕಿಗೋ ಹಣವಿಲ್ಲದೆ ಕುಳಿತವರಿಗೆ ಅದನ್ನು ಹಂಚುವನು. ಮುಂಗಡ ಪಡೆದವರು ಅವನ ಬೆನ್ನ ಹಿಂದೆ ನಡೆದು ಹೋಗುವರು. ಎಷ್ಟು ತಲೆಗಳನ್ನು ತಂದನೋ ಅಷ್ಟಕ್ಕೆ ಅವನಿಗೆ ಕಮಿಷನು. ಸಾಲ ತೀರುವ ತನಕ ಕೂಲಿಯವನು ತೋಟ ಬಿಡುವಂತಿರಲಿಲ್ಲ. ಬಿಟ್ಟರೆ 1859ರ ಕರಾರುಭಂಗದ ಕಾಯಿದೆಯಂತೆ ಮ್ಯಾಜಿಸ್ಟ್ರೇಟರು ಹಣವನ್ನು ಮರಳಿಸೆಂದೋ ಕೆಲಸಕ್ಕೆ ಹೋಗೆಂದೋ ಆಜ್ಞಾಪಿಸಬಹುದಾಗಿತ್ತು. ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳ ತನಕ ಸೆರೆಮನೆ. ಆ ಕಾಯಿದೆಯು 1925ರ ಶಾಸನದಿಂದ ರದ್ದಾಯಿತು. ಆದರೆ ಅದರೊಡನೆ ಮೇಸ್ತ್ರಿತನವು ಅಳಿಯಲಿಲ್ಲ.

1931ರಲ್ಲಿ ವರದಿಯನ್ನು ಒಪ್ಪಿಸಿದ ಭಾರತದ ಕಾರ್ಮಿಕರ ರಾಯಲ್ ಕಮಿಷನ್ನು ಇದೇ ರೋಗವನ್ನು ಕಾರ್ಖಾನೆಗಳಲ್ಲಿ ಕಂಡಿತು. ಗಿರಣಿಗಳಲ್ಲಿ ಜನರನ್ನು ಸೇರಿಸುವ ಜಾಬರನಿಗೆ ಕೆಲಸ ಸಿಗುವಾಗಲೂ ಕೆಲಸ ಉಳಿಸಿಕೊಳ್ಳುವಾಗಲೂ ಕೂಲಿಯವರು ಲಂಚ ಕೊಡಬೇಕಾಗಿತ್ತು. ಆದುದರಿಂದ ಸೇರಿಸುವ ಮತ್ತು ತೆಗೆಯುವ ಅಧಿಕಾರವನ್ನು ಅವನ ಕೈಯಿಂದ ತಪ್ಪಿಸಿ, ಅದಕ್ಕೆಂದೇ ಅಧಿಕಾರಿಗಳನ್ನು ನೇಮಿಸಬೇಕೆಂದು ಕಮಿಷನ್ನು ಸಲಹೆಯಿತ್ತಿತು. ಐವತ್ತು ವರ್ಷಗಳು ಕಳೆದು 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕಟ್ಟಡಗಳು ಏಳುತ್ತಿದ್ದಾಗ ನಡೆದುದೇನು? ದಿನವೊಂದಕ್ಕೆ 9 ರೂಪಾಯಿ 25 ಪೈಸೆಯ ಕನಿಷ್ಠ ಕೂಲಿಯಲ್ಲಿ ಜಮಾದಾರರು 1 ರೂಪಾಯಿಯನ್ನು ತಮ್ಮ ಕಮಿಷನೆಂದು ಹಿಡಿದುಕೊಂಡು, ದುಡಿದವನ ಕೈಗೆ 8 ರೂಪಾಯಿ 25 ಪೈಸೆಯನ್ನಷ್ಟೇ ಹಾಕುತ್ತಿದ್ದರು. ಸುಪ್ರೀಂ ಕೋರ್ಟು ಆ ವರ್ಷವೇ ತೀರ್ಪಿತ್ತು, ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ ಬಲವಂತದ ದುಡಿತವೇ ಸರಿ ಎಂದು ಸಾರಿತು.

ಈ ಹಳೆಯ ಕಥೆಗಳನ್ನು ಇಲ್ಲಿ ಹೇಳಿದುದಕ್ಕೆ ಕಾರಣವಿದೆ. ಮೂರರಲ್ಲಿಯೂ ಮಧ್ಯವರ್ತಿಯು ದುಡಿಯುವವನ ಕೂಲಿಯಿಂದಲೋ ಅವನ ಸಾಲದಿಂದಲೋ ಬದುಕಿದನು. ಹಾಗೆ ಬದುಕುವ ಮಧ್ಯವರ್ತಿಯು ಯಜಮಾನನಿಗೂ ಎಂದೂ ಒಳ್ಳೆಯ ಕೆಲಸಗಾರನನ್ನು ತರಲಾರನು. ಯಾಕೆಂದರೆ ಅವನು ಆರಿಸುವುದು ಕೈಚಳಕವುಳ್ಳವನನ್ನಲ್ಲ, ಹಣ ಕೊಟ್ಟವನನ್ನು. ಅಥವಾ ಎದುರಾಡಲು ಶಕ್ತಿಯಿಲ್ಲದವನನ್ನು. ಮೇಲಾಗಿ, ಬಂದವನು ಬೇಗನೆ ಬಿಟ್ಟು ಹೋದಷ್ಟೂ ಅವನಿಗೆ ಲಾಭ. ಇನ್ನೊಬ್ಬನನ್ನು ತಂದು ಇನ್ನೊಮ್ಮೆ ಹಣ ಎತ್ತಬಹುದಷ್ಟೆ. ಆದುದರಿಂದ ಏಜೆನ್ಸಿಯನ್ನು ಆರಿಸುವಾಗ ಎಲ್ಲಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯೊಂದೇ: ಇವರ ಸಂಪಾದನೆಯು ಎಲ್ಲಿಂದ ಬರುತ್ತದೆ? ನನ್ನ ಪೆಟ್ಟಿಗೆಯಿಂದಲೋ, ಅಥವಾ ನನ್ನಲ್ಲಿ ದುಡಿಯಲು ಬರುವವರ ಕಿಸೆಯಿಂದಲೋ? ಉಳಿದ ಪ್ರಶ್ನೆಗಳೆಲ್ಲ ಇದರ ಮಕ್ಕಳು.

ಇದು ಕೇವಲ ನಮ್ಮ ಊರಿನ ನೀತಿಯೂ ಅಲ್ಲ. ಕೆಲಸ ಹುಡುಕಿಕೊಡುವ ಸಾರ್ವಜನಿಕ ಕಚೇರಿಗಳು ಪುಕ್ಕಟೆಯಾಗಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1919ರಲ್ಲಿಯೇ ಒಡಂಬಡಿಕೆಯನ್ನು ಮಾಡಿತು. ಖಾಸಗಿ ಏಜೆನ್ಸಿಗಳ ವಿಷಯವಾದ 1997ರ ಒಡಂಬಡಿಕೆಯು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿನಿಂದಾಗಲಿ ಶುಲ್ಕ ವಸೂಲು ಮಾಡಬಾರದೆಂಬುದನ್ನೇ ಸಾಮಾನ್ಯ ನಿಯಮವಾಗಿ ಇಟ್ಟಿದೆ. ಬೇಕಾದವನು ಯಜಮಾನ, ಹಣ ಕೊಡತಕ್ಕವನೂ ಯಜಮಾನನೇ.

"ಏಜೆನ್ಸಿಯವರು ಅವರ ಜನರಿಗೆ ಏನು ಕೊಟ್ಟರೆ ನಮಗೇನು? ನಾವು ಕೊಡಬೇಕಾದುದನ್ನು ಕೊಟ್ಟೆವಲ್ಲ" ಎಂದು ಕೆಲವರು ಹೇಳುವರು. ಈ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಇದನ್ನು ಮಂಗಳೂರಿಗರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಬೀಡಿಯ ಉದ್ಯಮದಲ್ಲಿ ಮನೆಮನೆಯ ಹೆಂಗಸರಿಗೆ ಎಲೆ, ಹೊಗೆಸೊಪ್ಪುಗಳನ್ನು ಹಂಚಿ, ಕಟ್ಟಿದ ಬೀಡಿಯನ್ನು ಮರಳಿ ತರಿಸಿಕೊಳ್ಳುವವನು ಗುತ್ತಿಗೆದಾರ. ಹಾಗಾದರೆ ಆ ಹೆಂಗಸರ ಯಜಮಾನ ಯಾರು? 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಗುತ್ತಿಗೆದಾರನ ಬೆನ್ನ ಹಿಂದೆ ನಿಂತ ಮೂಲ ಉದ್ಯಮಿಯನ್ನೇ ಹೊಣೆಯಾಗಿಸಿತು. ಅದನ್ನು ಪ್ರಶ್ನಿಸಿದ ವ್ಯಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸಿನ ಹೆಸರಿನಿಂದಲೇ ವಕೀಲರು ಇಂದಿಗೂ ಉದಾಹರಿಸುವ 1974ರ ತೀರ್ಪು ಆ ಕಾಯಿದೆಯನ್ನು ಎತ್ತಿಹಿಡಿಯಿತು. ನಾಲ್ಕು ವರ್ಷಗಳ ಮೇಲೆ, 1978ರಲ್ಲಿ, ನೆರೆಯ ಕೋಝಿಕ್ಕೋಡಿನ ಹಗ್ಗದ ಕಾರ್ಖಾನೆಯೊಂದರ ವ್ಯಾಜ್ಯ ಬಂದಿತು. ಜನರನ್ನು ಗುತ್ತಿಗೆದಾರರು ತಂದವರು, ತನಗೂ ಅವರಿಗೂ ಸಂಬಂಧವಿಲ್ಲವೆಂದು ಯಜಮಾನನು ವಾದಿಸಿದನು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಅದನ್ನು ಒಪ್ಪಲಿಲ್ಲ. ಯಾರ ಕಾರ್ಖಾನೆಯಲ್ಲಿ, ಯಾರ ಲಾಭಕ್ಕಾಗಿ, ಯಾರ ಹಿಡಿತದಲ್ಲಿ ದುಡಿಯುತ್ತಾರೋ ಅವನೇ ನಿಜವಾದ ಯಜಮಾನ. ನಡುವೆ ಎಳೆದ ತೆರೆಯನ್ನು ನ್ಯಾಯಾಲಯವು ಸರಿಸಿ ನೋಡಬಲ್ಲುದು ಎಂಬುದು ಅವರ ತೀರ್ಪಿನ ಸಾರ.

ಇಂದಿನ ಕಾನೂನಿನ ನೆಲೆಯನ್ನೂ ತಿಳಿದಿರುವುದು ಮೇಲು. ಗುತ್ತಿಗೆ ಕಾರ್ಮಿಕರ ಹಿಂದಿನ ಕಾಯಿದೆಯು 1970ರದು. ಅದು 20 ಮತ್ತು ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಲಾಗುವಾಗುತ್ತಿತ್ತು. ಅದೂ, ಮೇಲೆ ಹೇಳಿದ ಬೀಡಿಯ ಕಾಯಿದೆಯೂ, ಇತರ ಹಲವು ಕಾಯಿದೆಗಳೂ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿ, ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗುತ್ತಿಗೆಯ ಪರವಾನಗಿಯ ನಿಯಮಗಳು ಈಗ 50 ಅಥವಾ ಹೆಚ್ಚು ಗುತ್ತಿಗೆ ಕೆಲಸಗಾರರಿರುವಲ್ಲಿ ಅನ್ವಯಿಸುವುವು. ಹಾಗಾದರೆ ಹತ್ತು ಜನರನ್ನಿಟ್ಟ ಸಣ್ಣ ಉದ್ಯಮಿಯು ಪಾರಾದನೆ? ಇಲ್ಲ. ವೇತನದ ಸಂಹಿತೆಯು ಜನರ ಸಂಖ್ಯೆಯನ್ನು ನೋಡುವುದಿಲ್ಲ. ಕನಿಷ್ಠ ಕೂಲಿ ಎಲ್ಲರಿಗೂ ಸಲ್ಲಬೇಕು. ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೈಸೇರಬೇಕು. ಗುತ್ತಿಗೆದಾರನು ಕೊಡದೆ ಹೋದರೆ ಯಾರ ಸಂಸ್ಥೆಯಲ್ಲಿ ದುಡಿದರೋ ಆ ಸಂಸ್ಥೆಯ ಒಡೆಯನು ಕೊಡಬೇಕು. ಭವಿಷ್ಯನಿಧಿಯ ವಂತಿಗೆಯನ್ನೂ ಇ.ಎಸ್.ಐ. ವಿಮೆಯ ವಂತಿಗೆಯನ್ನೂ ಏಜೆನ್ಸಿಯು ಕಟ್ಟದೆ ನುಂಗಿದ್ದರೆ ಅದನ್ನೂ ಕೆಲಸ ಮಾಡಿಸಿಕೊಂಡವನಿಂದ ವಸೂಲು ಮಾಡಬಹುದು. ಒಮ್ಮೆ ಏಜೆನ್ಸಿಗೆ ಕೊಟ್ಟ ಹಣವನ್ನು ಇನ್ನೊಮ್ಮೆ ಸರಕಾರಕ್ಕೆ ಕೊಡಬೇಕಾದವನ ಸಂಕಟವನ್ನು ಯೋಚಿಸಿರಿ. ದುಡ್ಡು ಕೊಟ್ಟು ದೆವ್ವ ಹೊಗಿಸಿಕೊಂಡಂತೆ ಎಂಬ ಗಾದೆಯು ಇಂಥದಕ್ಕೇ ಹುಟ್ಟಿರಬೇಕು.

ಇನ್ನು ಆಯ್ಕೆಯ ಕ್ರಮಕ್ಕೆ ಬರೋಣ. ಏಜೆನ್ಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯ ಬಗೆಯವರು ತಕ್ಕವರನ್ನು ಹುಡುಕಿ, ಪರೀಕ್ಷಿಸಿ, ನಿಮಗೆ ಒಪ್ಪಿಸಿ ಹೋಗುವರು. ಕೆಲಸಗಾರನು ಆ ದಿನದಿಂದ ನಿಮ್ಮವನು. ಸಂಬಳ ಕೊಡುವವರು ನೀವು. ಏಜೆನ್ಸಿಗೆ ಒಂದೇ ಬಾರಿ ಶುಲ್ಕ ಸಲ್ಲುವುದು; ಸುಮಾರು ಒಂದು ತಿಂಗಳ ಸಂಬಳದಷ್ಟು ಕೇಳುವ ರೂಢಿಯುಂಟು. ಎರಡನೆಯ ಬಗೆಯವರು ಕೆಲಸಗಾರನನ್ನು ತಮ್ಮ ಪಟ್ಟಿಯಲ್ಲಿಯೇ ಇಟ್ಟುಕೊಂಡು ನಿಮ್ಮಲ್ಲಿಗೆ ದುಡಿಯಲು ಕಳುಹಿಸುವರು. ತಿಂಗಳು ತಿಂಗಳು ನಿಮಗೆ ಬಿಲ್ಲು ಬರುವುದು. ಲೆಕ್ಕ ಬರೆಯುವವರು, ಮುಖ್ಯ ಅಡಿಗೆಯವರು, ಯಂತ್ರ ನಡೆಸುವವರು ಮುಂತಾಗಿ ಉದ್ಯಮದ ಬೆನ್ನೆಲುಬಾದ ಕೆಲಸಗಳಿಗೆ ಮೊದಲನೆಯ ಬಗೆಯೇ ಒಳ್ಳೆಯದು. ಅಂಥವರು ವರ್ಷಗಟ್ಟಲೆ ಇರಬೇಕಾದವರು, ನಿಮ್ಮವರೆಂದೇ ಇರಬೇಕು. ಹಬ್ಬದ ಕಾಲದ ಹೆಚ್ಚಿನ ಕೆಲಸ, ಕಾವಲು, ಶುಚಿ, ಸಾಮಾನು ಏರಿಸಿ ಇಳಿಸುವುದು ಮುಂತಾದುವುಗಳಿಗೆ ಎರಡನೆಯ ಬಗೆಯು ಅನುಕೂಲವಾಗಬಹುದು. ಯಾವುದಕ್ಕೆ ಯಾವುದೆಂದು ನೀವೇ ಮೊದಲು ಗೊತ್ತುಮಾಡಿಕೊಳ್ಳದೆ ಏಜೆನ್ಸಿಯ ಬಾಗಿಲಿಗೆ ಹೋದರೆ, ಅವರಿಗೆ ಯಾವುದರಿಂದ ಲಾಭವೋ ಅದೇ ನಿಮಗೆ ಬೇಕೆಂದು ಅವರು ನಂಬಿಸುವರು.

ಎರಡನೆಯ ಬಗೆಯ ಏಜೆನ್ಸಿಯಾದರೆ ದರಪತ್ರವನ್ನು ಒಟ್ಟು ಮೊತ್ತವಾಗಿ ಎಂದೂ ಒಪ್ಪತಕ್ಕದ್ದಲ್ಲ. ಬಿಡಿಬಿಡಿಯಾಗಿ ಬರೆಯಿಸಿ ತರಿಸಬೇಕು. ಒಂದು ಲೆಕ್ಕವನ್ನು ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಸಂಬಳದ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳಿರಿ. ಭವಿಷ್ಯನಿಧಿಗೆ ಯಜಮಾನನ ಪಾಲು ಶೇಕಡ 12ರಂತೆ 1,800 ರೂಪಾಯಿ. ಅದರೊಡನೆ ಹೋಗುವ ಜೀವವಿಮೆ ಮತ್ತು ಆಡಳಿತದ ವೆಚ್ಚ ಶೇಕಡ 1ರಂತೆ 150. ಇ.ಎಸ್.ಐ.ಗೆ ಯಜಮಾನನ ಪಾಲು ಶೇಕಡ 3.25ರಂತೆ 487 ರೂಪಾಯಿ 50 ಪೈಸೆ. ಬೋನಸು ಶೇಕಡ 8.33ರಂತೆ 1,249 ರೂಪಾಯಿ 50 ಪೈಸೆ. ಎಲ್ಲವನ್ನೂ ಕೂಡಿಸಿದರೆ 18,687 ರೂಪಾಯಿ. ರಜೆಯ ಸಂಬಳ, ಸಮವಸ್ತ್ರಗಳನ್ನು ಇದರಲ್ಲಿ ಸೇರಿಸಲಿಲ್ಲ. ಇಷ್ಟು ಹಣ ಕೆಲಸಗಾರನಿಗೂ ಅವನ ನಿಧಿಗಳಿಗೂ ಸಲ್ಲಬೇಕಾದುದು. ಏಜೆನ್ಸಿಗೆ ಇನ್ನೂ ಒಂದು ಕಾಸೂ ದೊರೆತಿಲ್ಲ. ಅದರ ಮೇಲೆ ಅವರ ಸೇವೆಗೆ ಶೇಕಡ 8 ಎಂದಿಟ್ಟುಕೊಂಡರೆ ಸುಮಾರು 1,495 ರೂಪಾಯಿ, ಅಲ್ಲಿಗೆ 20,182. ಈ ಮೊತ್ತದ ಮೇಲೆ ಶೇಕಡ 18ರಂತೆ ಜಿ.ಎಸ್.ಟಿ. ತೆರಿಗೆ ಬೇರೆ.

ಈಗ ಇನ್ನೊಬ್ಬರು ಬಂದು, ಎಲ್ಲವೂ ಸೇರಿ ತೆರಿಗೆಯ ಹೊರತು 17,500 ರೂಪಾಯಿಗೆ ಅಂಥದೇ ಕೆಲಸಗಾರನನ್ನು ಕೊಡುವೆವೆಂದರೆ ಏನೆಂದು ತಿಳಿಯಬೇಕು? ಕೊಡಲೇಬೇಕಾದ ಮೊತ್ತಕ್ಕಿಂತ ಅದು 1,187 ರೂಪಾಯಿ ಕಡಮೆ. ಧರ್ಮಕ್ಕಾಗಿ ಏಜೆನ್ಸಿಯನ್ನು ಯಾರೂ ತೆರೆಯುವುದಿಲ್ಲ. ಆ 1,187 ರೂಪಾಯಿಯೂ ಅವರ ಲಾಭವೂ ಒಬ್ಬನ ಸಂಬಳದಿಂದಲೋ ಅವನ ಭವಿಷ್ಯನಿಧಿಯಿಂದಲೋ ಬರಲೇಬೇಕು. ಹತ್ತು ಜನರಿಗೆ ವರ್ಷವೊಂದಕ್ಕೆ ಆ ಕೊರತೆಯೊಂದೇ 1,42,440 ರೂಪಾಯಿಯಾಗುವುದು. ಅಗ್ಗವೆಂದು ಅದನ್ನು ಒಪ್ಪಿಕೊಂಡ ಯಜಮಾನನು ಉಳಿಸಿದುದು ಹಣವಲ್ಲ. ತನ್ನ ತಲೆಯ ಮೇಲೆ ಮುಂದೆ ಬೀಳಬಹುದಾದ ಸಾಲ.

ಲೆಕ್ಕವು ಸರಿಯಿದ್ದರೆ ಮುಂದೆ ದಸ್ತೈವಜುಗಳನ್ನು ಕೇಳಬೇಕು. ಏಜೆನ್ಸಿಯ ನೋಂದಣಿ, ಜನರ ಸಂಖ್ಯೆಗೆ ಬೇಕಾಗುವಲ್ಲಿ ಗುತ್ತಿಗೆಯ ಪರವಾನಗಿ, ಜಿ.ಎಸ್.ಟಿ., ಭವಿಷ್ಯನಿಧಿ, ಇ.ಎಸ್.ಐ.ಗಳ ಸಂಖ್ಯೆ. ಆದರೆ ಸಂಖ್ಯೆಯಿದ್ದ ಮಾತ್ರಕ್ಕೆ ಹಣ ಕಟ್ಟಿದ್ದಾರೆಂದು ಅರ್ಥವಲ್ಲ. ಕಳೆದ ಮೂರು ತಿಂಗಳಲ್ಲಿ ಅವರು ಬೇರೆ ಗಿರಾಕಿಗಳಿಗಾಗಿ ಕಟ್ಟಿದ ವಂತಿಗೆಯ ಚಲನ್ನುಗಳನ್ನು, ಕೆಲಸಗಾರರ ಹೆಸರುಗಳ ಪಟ್ಟಿಯ ಸಮೇತ ತೋರಿಸಿರೆಂದು ಕೇಳಿರಿ. ಒಳ್ಳೆಯವರು ತೋರಿಸುವರು. "ನಮ್ಮ ಮೇಲೆ ನಂಬಿಕೆಯಿಲ್ಲವೆ?" ಎಂದು ಮುಖ ಗಂಟಿಕ್ಕಿದರೆ ಅದನ್ನೇ ಉತ್ತರವೆಂದು ತಿಳಿಯಬಹುದು. ಕಾವಲುಗಾರರನ್ನು ಒದಗಿಸುವವರಿಗಂತೂ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯಿದೆಯಂತೆ ಪ್ರತ್ಯೇಕ ಪರವಾನಗಿ ಇರಲೇಬೇಕು. ಕೇಂದ್ರದ ಮಾದರಿ ನಿಯಮಗಳಲ್ಲಿ ಕಾವಲುಗಾರನಿಗೆ 100 ಗಂಟೆಗಳ ಪಾಠವೂ 60 ಗಂಟೆಗಳ ಹೊರಾಂಗಣ ಅಭ್ಯಾಸವೂ ವಿಧಿಸಲ್ಪಟ್ಟಿವೆ. ನಿನ್ನೆ ಊರಿನಿಂದ ಬಂದ ಹುಡುಗನಿಗೆ ಇಂದು ಖಾಕಿ ಅಂಗಿ ತೊಡಿಸಿ ಕೋಲು ಕೊಟ್ಟು ನಿಲ್ಲಿಸಿದರೆ ಅವನು ಕಾವಲುಗಾರನಾಗುವುದಿಲ್ಲ.

ಕಾಗದಕ್ಕಿಂತ ದೊಡ್ಡ ಸಾಕ್ಷಿಯೊಂದಿದೆ. ಆ ಏಜೆನ್ಸಿಯ ಮೂಲಕ ಬೇರೆಡೆ ದುಡಿಯುತ್ತಿರುವ ಇಬ್ಬರು ಮೂವರನ್ನು, ಏಜೆನ್ಸಿಯವರು ಎದುರಿಗಿಲ್ಲದಾಗ ಮಾತಾಡಿಸಿರಿ. ಗಿರಾಕಿಗಳ ಪ್ರಶಂಸಾಪತ್ರಗಳನ್ನು ಯಾರೂ ಸಂಗ್ರಹಿಸಬಹುದು. ದುಡಿಯುವವರ ಬಾಯಿಮಾತನ್ನು ಕಟ್ಟಿಸಿ ಗೋಡೆಗೆ ತೂಗುಹಾಕಲಾಗದು. ಕೆಲಸಕ್ಕೆ ಸೇರುವಾಗ ಏನಾದರೂ ಹಣ ಕೊಟ್ಟಿರೇ? ಠೇವಣಿಯೆಂದು ಮೊದಲ ತಿಂಗಳ ಸಂಬಳವನ್ನು ಹಿಡಿದರೇ? ಆಧಾರ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಬ್ಯಾಂಕಿನ ಎ.ಟಿ.ಎಂ. ಕಾರ್ಡುಗಳು ನಿಮ್ಮ ಕೈಯಲ್ಲಿಯೇ ಇವೆಯೇ? ನೇಮಕದ ಪತ್ರವೂ ಸಂಬಳದ ಚೀಟಿಯೂ ದೊರೆಯುವುವೇ? ಸಂಬಳ ಯಾವ ತಾರೀಕಿಗೆ ಬಂದಿತು? ಈ ಐದು ಪ್ರಶ್ನೆಗಳಿಗೆ ಬರುವ ಉತ್ತರವು ಇಡೀ ಏಜೆನ್ಸಿಯ ಜಾತಕವನ್ನು ಬಿಡಿಸಿ ಹೇಳುವುದು. ವಿಶೇಷವಾಗಿ ಎ.ಟಿ.ಎಂ. ಕಾರ್ಡಿನ ವಿಷಯವನ್ನು ಮರೆಯಬಾರದು. ಬ್ಯಾಂಕಿನ ಖಾತೆಗೆ ಪೂರ್ತಿ ಸಂಬಳ ಹಾಕಿದಂತೆ ಲೆಕ್ಕದಲ್ಲಿ ತೋರಿಸಿ, ಕಾರ್ಡನ್ನು ತಮ್ಮಲ್ಲಿಟ್ಟುಕೊಂಡು ಅರ್ಧವನ್ನು ಹಿಂದೆಗೆಯುವ ಉಪಾಯವು 1982ರ ಜಮಾದಾರನ ಒಂದು ರೂಪಾಯಿಯ ಹೊಸ ಅವತಾರ.

ಬಿಹಾರ, ಒಡಿಶಾ, ಝಾರ್ಖಂಡ, ಅಸ್ಸಾಂ ಮುಂತಾದ ದೂರದ ಊರುಗಳಿಂದ ಕರೆತಂದವರಾದರೆ ಇನ್ನೆರಡು ಮಾತುಗಳನ್ನು ವಿಚಾರಿಸಬೇಕು. ರೈಲಿನ ಖರ್ಚನ್ನು ಯಾರು ಕೊಟ್ಟರು, ಇಲ್ಲಿ ಅವರು ಮಲಗುವುದೆಲ್ಲಿ? ಪ್ರಯಾಣದ ಖರ್ಚನ್ನು ಸಾಲವೆಂದು ಬರೆದಿಟ್ಟು ತಿಂಗಳು ತಿಂಗಳು ಕಡಿಯುತ್ತಿದ್ದರೆ ಅದು ಕಾಫಿ ತೋಟದ ಮುಂಗಡದ ತಮ್ಮನೇ. ಸಾಲದ ಕಟ್ಟಿನಲ್ಲಿ ದುಡಿಸುವುದನ್ನು 1976ರ ಜೀತಪದ್ಧತಿ ರದ್ದತಿಯ ಕಾಯಿದೆಯು ದಂಡನೀಯ ಅಪರಾಧವನ್ನಾಗಿ ಮಾಡಿದೆ. ಭಾಷೆ ಬಾರದ ಊರಿನಲ್ಲಿ ಅವರ ಪಾಲಿಗೆ ಯಜಮಾನನ ಮನೆಯೊಂದೇ ನ್ಯಾಯಸ್ಥಾನವಾಗಿರುವುದೆಂಬುದನ್ನು ನೆನಪಿಡಬೇಕು.

ಕರಾರುಪತ್ರವನ್ನು ಏಜೆನ್ಸಿಯವರು ಅಚ್ಚುಮಾಡಿಸಿ ತಂದಂತೆಯೇ ರುಜು ಹಾಕಬಾರದು. ಅದರಲ್ಲಿ ಕೆಲವು ಷರತ್ತುಗಳು ಇರಲೇಬೇಕು. ಕೆಲಸಗಾರರಿಂದ ಯಾವ ರೂಪದಲ್ಲಿಯೂ ಹಣ ವಸೂಲು ಮಾಡತಕ್ಕದ್ದಲ್ಲ. ಮಾಡಿದುದು ಸಿದ್ಧಪಟ್ಟರೆ ಕರಾರು ರದ್ದು, ಹಣ ಮರಳಿ ಕೊಡಬೇಕು. ಹಿಂದಿನ ತಿಂಗಳ ಸಂಬಳದ ಪಟ್ಟಿಯನ್ನೂ ವಂತಿಗೆಯ ಚಲನ್ನನ್ನೂ ಲಗತ್ತಿಸದಿದ್ದರೆ ಈ ತಿಂಗಳ ಬಿಲ್ಲಿಗೆ ಹಣ ಸಲ್ಲದು. ಒಪ್ಪಿಸಿದವರು ಇಂತಿಷ್ಟು ದಿನಗಳೊಳಗೆ ಬಿಟ್ಟು ಹೋದರೆ ಅಥವಾ ಕೆಲಸಕ್ಕೆ ತಕ್ಕವರಲ್ಲದಿದ್ದರೆ ಬೇರೆ ಶುಲ್ಕವಿಲ್ಲದೆ ಇನ್ನೊಬ್ಬರನ್ನು ಕೊಡಬೇಕು. ಕೆಲಸದಲ್ಲಿ ಅಪಘಾತವಾದರೆ ಯಾರು ಆಸ್ಪತ್ರೆಗೆ ಕರೆದೊಯ್ಯುವರು, ಯಾರು ಕಾಗದಪತ್ರ ಮಾಡುವರೆಂಬುದು ಸ್ಪಷ್ಟವಾಗಿರಬೇಕು. ಒಳ್ಳೆಯವನೆಂದು ಕಂಡ ಕೆಲಸಗಾರನನ್ನು ಮುಂದೆ ನೀವು ನಿಮ್ಮ ಪಟ್ಟಿಗೇ ಸೇರಿಸಿಕೊಳ್ಳಲು ದಾರಿಯಿರಬೇಕು. ಅದಕ್ಕೆ ಭಾರಿ ದಂಡ ವಿಧಿಸುವ ಷರತ್ತಿದ್ದರೆ ಹೊಡೆದುಹಾಕಿಸಬೇಕು. ಮೊದಲ ಕರಾರು ಮೂರು ಅಥವಾ ಆರು ತಿಂಗಳಿಗೆ ಮಾತ್ರ ಇರಲಿ. ಹೊಸ ಬಾವಿಯ ನೀರನ್ನು ಮೊದಲು ಬೊಗಸೆಯಲ್ಲಿ ಕುಡಿದು ನೋಡುವುದು ವಿವೇಕ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಹಣವಿಲ್ಲದೆ ದೊರೆಯುವ ದಾರಿಗಳನ್ನು ನಾವು ಎಣಿಸುವುದೇ ಇಲ್ಲ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳುತ್ತಿದ್ದ 1945ರಲ್ಲಿ ಅವರಿಗೆ ಜೀವನೋಪಾಯ ಕಲ್ಪಿಸಲು ಆರಂಭವಾದ ವ್ಯವಸ್ಥೆಯಿಂದ ನಮ್ಮ ಉದ್ಯೋಗ ವಿನಿಮಯ ಕಚೇರಿಗಳು ಬೆಳೆದುವು. ಆ ಕಚೇರಿ ಮಂಗಳೂರಿನಲ್ಲಿಯೂ ಇದೆ. 2015ರಿಂದ ಕೇಂದ್ರ ಸರಕಾರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಯಜಮಾನರೂ ಉದ್ಯೋಗಾರ್ಥಿಗಳೂ ಶುಲ್ಕವಿಲ್ಲದೆ ಹೆಸರು ದಾಖಲಿಸಬಹುದಾಗಿದೆ. ಯಂತ್ರದ ಕೆಲಸ ಬಲ್ಲ ಹುಡುಗರು ಬೇಕಾದರೆ ಕದ್ರಿಯ ಸರಕಾರಿ ಐ.ಟಿ.ಐ.ಗೋ, 1946ರಲ್ಲಿ ಸ್ಥಾಪಿತವಾದ ಕರ್ನಾಟಕ ಪಾಲಿಟೆಕ್ನಿಕ್ಕಿಗೋ ಒಂದು ಪತ್ರ ಬರೆದು ನೋಡಬಹುದು. ಅಲ್ಲಿ ಸಿಕ್ಕದಿದ್ದರೆ ಆಗ ಏಜೆನ್ಸಿ. ಹತ್ತು ಹೆಜ್ಜೆಯ ದೂರದಲ್ಲಿರುವುದನ್ನು ನೋಡದೆ ಹತ್ತು ಸಾವಿರ ಕೊಟ್ಟು ತರಿಸುವುದು ಮನೆವಾರ್ತೆಯ ಜಾಣತನವಲ್ಲ.

ಹೋಂ ನರ್ಸನ್ನು ತರಿಸುವ ಮನೆಯವರು ಇದನ್ನೆಲ್ಲ ಚಿಕ್ಕದಾಗಿ ಮಾಡಿಕೊಂಡರೆ ಸಾಕು. ನಾವು ಕೊಡುವ ಮೊತ್ತದಲ್ಲಿ ಆ ಹೆಣ್ಣುಮಗಳ ಕೈಗೆ ಎಷ್ಟು ಸೇರುವುದು, ಏಜೆನ್ಸಿಗೆ ಎಷ್ಟು ಎಂಬುದನ್ನು ಬರೆಯಿಸಿಕೊಳ್ಳಿರಿ. ಅವಳ ಪಾಲನ್ನು ಅವಳ ಖಾತೆಗೇ ಹಾಕುವಂತೆ ಒತ್ತಾಯಿಸಿರಿ. ವಾರಕ್ಕೊಂದು ರಜೆ ಯಾವ ದಿನ, ಆ ದಿನ ಬದಲಿಗೆ ಯಾರು ಬರುವರೆಂದು ಮೊದಲೇ ನಿಶ್ಚಯಿಸಿರಿ. ಅವಳಿಗೆ ನಿಜವಾಗಿ ದಾದಿಯ ತರಬೇತಿಯಾಗಿದೆಯೋ, ಅಥವಾ ರೋಗಿಯನ್ನು ಎಬ್ಬಿಸಿ ಕೂರಿಸಿ ಊಟ ಮಾಡಿಸುವಷ್ಟು ಮಾತ್ರ ಬರುವುದೋ ಎಂಬುದನ್ನು ಕೇಳಿ ತಿಳಿಯುವುದು ಅತ್ಯಾವಶ್ಯಕ. ಚುಚ್ಚುಮದ್ದು ಕೊಡಬಲ್ಲವಳೆಂದು ಏಜೆನ್ಸಿಯು ಹೇಳಿದ ಮಾತನ್ನು ಮಾತ್ರ ನಂಬಿ ಪ್ರಾಣದ ವಿಷಯದಲ್ಲಿ ಸಾಹಸ ಮಾಡಬಾರದು.

"ಇಷ್ಟೆಲ್ಲ ನ್ಯಾಯ ನೋಡುತ್ತ ಕುಳಿತರೆ ಪೇಟೆಯಲ್ಲಿ ನಮ್ಮ ಚಕ್ಕುಲಿ ಮಾರಾಟವಾಗುವುದು ಹೇಗೆ? ಪಕ್ಕದವನು ಅಗ್ಗದ ಜನರನ್ನು ತರಿಸಿ ಅಗ್ಗಕ್ಕೆ ಮಾರುವನಲ್ಲ" ಎಂದು ಸಣ್ಣ ಉದ್ಯಮಿಗಳು ಕೇಳಬಹುದು. ಈ ಪ್ರಶ್ನೆಯಲ್ಲಿ ನಿಜವಾದ ಕಷ್ಟವಿದೆ. ಅದನ್ನು ಉಪದೇಶದಿಂದ ಮುಚ್ಚಿಹಾಕಬಾರದು. ಹತ್ತು ಜನರನ್ನು ನ್ಯಾಯವಾಗಿ ಇಟ್ಟುಕೊಳ್ಳಲು ಶಕ್ತಿಯಿಲ್ಲದಿದ್ದರೆ ಆರು ಜನರನ್ನಿಟ್ಟುಕೊಂಡು, ಬೇಡಿಕೆಯನ್ನು ಆರು ಜನರ ಕೈಗೆ ತಕ್ಕಷ್ಟಕ್ಕೆ ಒಪ್ಪಿಕೊಳ್ಳುವುದು ಒಂದು ದಾರಿ. ಏಜೆನ್ಸಿಗೆ ಕೊಡುವ ಶುಲ್ಕವನ್ನೂ ಉಳಿಸಿ, ಇರುವವರಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೊಟ್ಟು ನಿಲ್ಲಿಸಿಕೊಳ್ಳುವುದು ಇನ್ನೊಂದು ದಾರಿ. ಪ್ರತಿ ಎರಡು ತಿಂಗಳಿಗೊಮ್ಮೆ ಹೊಸಬರಿಗೆ ಹಿಟ್ಟು ನಾದುವುದನ್ನೂ ಎಣ್ಣೆಯ ಕಾವನ್ನೂ ಕಲಿಸುತ್ತ ಕುಳಿತರೆ ಹಾಳಾಗುವ ಹಿಟ್ಟಿಗೂ ಬೆಲೆಯುಂಟು. ಆ ಬೆಲೆಯನ್ನು ಯಾವ ದರಪತ್ರದಲ್ಲಿಯೂ ಬರೆದಿರುವುದಿಲ್ಲ. ಪಕ್ಕದವನ ಅಗ್ಗದ ಲೆಕ್ಕದಲ್ಲಿ ಇದು ಸೇರಿದೆಯೋ ಎಂದು ವಿಚಾರಿಸಿ ನೋಡಬೇಕು.

ಕೊನೆಯದಾಗಿ ಒಂದು ಮಾತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಏಜೆಂಟನನ್ನು ಬಲ್ಲುವು; ಆದರೆ ಇನ್ನೊಂದು ಬಾಗಿಲಿನಿಂದ. ಮಗನನ್ನು ಗಲ್ಫಿಗೆ ಕಳುಹಿಸಲು ತಾಯಿಯ ಬಳೆ ಅಡವಾದುದು, ವೀಸಾಕ್ಕೆಂದು ಕೊಟ್ಟ ಹಣಕ್ಕೆ ರಸೀದಿಯೇ ಇಲ್ಲದುದು, ಹೇಳಿದ ಕೆಲಸ ಒಂದು, ಅಲ್ಲಿಗೆ ಹೋದ ಮೇಲೆ ಸಿಕ್ಕಿದುದು ಇನ್ನೊಂದು: ಇಂಥ ಮಾತು ಕೇಳದ ಬೀದಿ ಕರಾವಳಿಯಲ್ಲಿ ಅಪರೂಪ. 1983ರ ವಲಸೆಯ ಕಾಯಿದೆಯು ವಿದೇಶಕ್ಕೆ ಜನರನ್ನು ಸೇರಿಸುವ ಏಜೆಂಟನು ನೋಂದಣಿ ಮಾಡಿಸಲೇಬೇಕೆಂದು ವಿಧಿಸಿತು; ಹೋಗುವವನಿಂದ ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ತೆರಿಗೆಯ ಹೊರತು 30,000 ರೂಪಾಯಿಯ ಮಿತಿಯನ್ನು ನಿಯಮಗಳು ಗೊತ್ತುಮಾಡಿವೆ. ಆ ಮಿತಿಯನ್ನು ಮೀರಿ ಕೊಟ್ಟು ಹೋದ ಮಗನು ಹತ್ತು ವರ್ಷ ದುಡಿದು, ಊರಿಗೆ ಬಂದು, ಶಕ್ತಿನಗರದಂಥ ಬಡಾವಣೆಯಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದಾಗ ಮೇಜಿನ ಈಚೆಯ ಬದಿಯಲ್ಲಿ ಕುಳಿತಿರುತ್ತಾನೆ. ಆಚೆಯ ಬದಿಯಲ್ಲಿ ಅಸ್ಸಾಮಿನ ಅಥವಾ ಒಡಿಶಾದ ಯಾರೋ ತಾಯಿಯ ಮಗನು ಚೀಲ ಹಿಡಿದು ನಿಂತಿರುತ್ತಾನೆ. "ಇಲ್ಲಿಗೆ ಬರಲು ಯಾರಿಗೆ ಎಷ್ಟು ಕೊಟ್ಟೆಯಪ್ಪ?" ಎಂದು ಅವನನ್ನು ಕೇಳಲು ಕಾನೂನಿನ ಪುಸ್ತಕ ಬೇಕಾಗಿಲ್ಲ. ಉತ್ತರದಲ್ಲಿ ಏನಾದರೂ ಮೊತ್ತ ಬಂದರೆ ಆ ತಿಂಗಳ ಬಿಲ್ಲನ್ನು ತಡೆದು, ಮೊದಲು ಅವನ ಹಣವನ್ನು ಮರಳಿ ಕೊಡಿಸಿರಿ. ಏಜೆನ್ಸಿಯನ್ನು ಬದಲಾಯಿಸುವ ವಿಚಾರ ಆಮೇಲೆ.